‘ಸಾಕು’ ಎನ್ನುವ ದೀಪ

ಒಲೆಯ ಮೇಲೆ ಬೇಳೆ ಬೇಯುತ್ತಿದೆ. ಆದ್ದರಿಂದ ಪ್ರಶ್ನೆ ಬರುವ ಭಾಗವನ್ನು ಆಮೇಲೆ ಬರೆಯುತ್ತೇನೆ. ಅಲ್ಲಿಗೆ ಬಂದಾಗ ಎದ್ದು ಹೋಗಿ ಒಲೆ ಆರಿಸಿ ಬಂದರಾಯಿತು.

ಈ ಊರಿಗೆ ನಾನು ಸೊಸೆಯಾಗಿ ಬಂದವಳು. ಬಂದ ದಿನ ಹೊಸಿಲು ದಾಟಿಸಿ, ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ, ಹಾಲು ಉಕ್ಕಿಸಲು ನಿಲ್ಲಿಸಿದರು. ಬಸ್ಸಿನಲ್ಲಿ ದೂರದಿಂದ ಬಂದಿದ್ದೆ. ಬಚ್ಚಲು ಎಲ್ಲಿದೆ ಎಂದು ಪಕ್ಕದಲ್ಲಿದ್ದ ಅತ್ತೆಯನ್ನು ಮೆಲ್ಲಗೆ ಕೇಳಿದೆ. ಅತ್ತೆ ಆಗ ಮನೆತುಂಬಿಸಿಕೊಳ್ಳುವ ಹಾಡು ಹೇಳುತ್ತಿದ್ದರು, ನಡುವೆ ನಿಲ್ಲಿಸುವಂತಿರಲಿಲ್ಲ. ಕೆಳಗೆ ಬೆಂಕಿ ಉರಿಯುತ್ತಿತ್ತು, ಪಾತ್ರೆ ಮುಟ್ಟಿದರೆ ಕೈ ಸುಡುತ್ತಿತ್ತು, ಹಾಲು ಮಾತ್ರ ಕೆರೆಯ ನೀರಿನ ಹಾಗೆ ಸುಮ್ಮನೆ ನಿಂತಿತ್ತು. ಹಾಡು ಮುಗಿಸಿ ಅತ್ತೆ, "ಹಿತ್ತಲ ಬಾಗಿಲ ಎಡಕ್ಕೆ" ಎಂದದ್ದೇ ತಡ, ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

"ಒಲೆ ಹೊತ್ತಿರೋವಾಗ ಕೇಳ್ಬಾರ್ದು ಕಣಮ್ಮ" ಎಂದರು ಅತ್ತೆ, ಸಿಟ್ಟಿಲ್ಲದೆ. "ಹೇಳ್ಬೇಕು. ಬಚ್ಚಲಿಗೆ ಹೋಗ್ಬೇಕು ಅಂತ ಹೇಳಿದ್ರೆ ನಾನು ಹಾಡ್ತಾನೇ ಕೈ ತೋರಿಸ್ತಿದ್ದೆ."

ನಿಧಾನಕ್ಕೆ ಕಲಿತೆ. ಈ ಊರಿನಲ್ಲಿ ಪ್ರಶ್ನೆ ಕಿವಿಗೆ ಬಿದ್ದವರ ಮನೆಯ ಒಲೆಯ ಮೇಲಿರುವುದು, ಉತ್ತರ ಬರುವವರೆಗೆ ಬೇಯುವುದಿಲ್ಲ, ಉಕ್ಕುವುದಿಲ್ಲ. ಇಲ್ಲಿ ಎದುರು ಸಿಕ್ಕವರು "ಊಟ ಆಗಿರ್ಬೇಕು" ಎನ್ನುತ್ತಾರೆ. "ಟೊಮೆಟೊ ಬೆಲೆ ಹೇಳಿಬಿಡಪ್ಪ" ಎನ್ನುತ್ತಾರೆ. ಏನು ಮಾಡುವುದು ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಅವರ ಮನೆಯಲ್ಲಿ ಆವತ್ತು ಅನ್ನ ಬೇಯುವುದಿಲ್ಲ, ಏಕೆಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರೆಂದು ಗೊತ್ತಿಲ್ಲ. ಕೇಳಿದ್ದು ಯಾರನ್ನೋ ಅವರೇ ಬಾಯಿಬಿಟ್ಟು ಹೇಳಬೇಕು, ಇಲ್ಲವೆ ಕೇಳಿದವರೇ ಉತ್ತರವನ್ನೂ ಹೇಳಿ ಮುಗಿಸಬೇಕು. ಪಕ್ಕದವರು ಹೇಳಿದರೆ ನಡೆಯುವುದಿಲ್ಲ. ಮಕ್ಕಳಿಗೆ ಬೆಳಗ್ಗೆ ತಿಂಡಿ ಮುಗಿದ ಮೇಲೆ ಸ್ವಲ್ಪ ಹೊತ್ತು ಕೇಳುವ ಸಮಯ ಅಂತ ಇರುತ್ತದೆ. ಒಲೆ ಆರಿಸಿ, ಜಗಲಿಯ ಮೇಲೆ ಕೂತು, ಬೇಕಾದದ್ದು ಕೇಳಬಹುದು.

ನನ್ನ ಮಗಳು ಮೈಥಿಲಿ ಆ ಹೊತ್ತಿನಲ್ಲಿ ಸುಮ್ಮನಿರುತ್ತಿದ್ದಳು. ಅವಳಿಗೆ ಮಾತು ತಡವಾಗಿ ಬಂತು, ಬಂದದ್ದು ಬಾಗಿಲಲ್ಲೇ ನಿಂತುಕೊಂಡಿತು. ಪದದ ಮೊದಲ ಅಕ್ಷರವನ್ನು ಹಿಡಿದುಕೊಂಡು ಅವಳು ಬಹಳ ಹೊತ್ತು ಹೆಣಗುತ್ತಾಳೆ. ಅದರಲ್ಲೂ ‘ಕ’ ಬಂದರೆ ಮುಗಿಯಿತು, ಕತ್ತಿನ ನರ ಉಬ್ಬುತ್ತದೆ, ಕಣ್ಣು ಮುಚ್ಚಿಹೋಗುತ್ತದೆ. ಹಾಗಾಗಿ ಅವಳು ದಾರಿ ಬದಲಿಸುವುದನ್ನು ಕಲಿತಿದ್ದಾಳೆ. ಕಾಫಿ ಬೇಕಾದರೆ "ಬಿಸಿದು" ಎನ್ನುತ್ತಾಳೆ. ಕೊಡೆಗೆ "ಛತ್ರಿ" ಎನ್ನುತ್ತಾಳೆ. ಅವಳ ಮಾತನ್ನು ನಾನು ಯಾವತ್ತೂ ಮುಗಿಸಿಕೊಟ್ಟವಳಲ್ಲ. ಸಾರು ತಣ್ಣಗಾಗಲಿ, ಬಸ್ಸು ಹೋಗಲಿ, ಅವಳ ಮುಖ ನೋಡುತ್ತಾ ಕಾಯುತ್ತೇನೆ. ಒಂದು ಹೆಮ್ಮೆ ಅಂತ ನನಗಿದ್ದರೆ ಅದೊಂದೇ ಇತ್ತು.

ಊರು ಕಾಯುವುದಿಲ್ಲ. ಊರು ಕೆಟ್ಟದ್ದೇನಲ್ಲ, ಅದರ ಒಲೆಯ ಮೇಲೆ ಅನ್ನ ಇರುತ್ತದೆ, ಅಷ್ಟೇ. ಶಾಲೆಯಲ್ಲಿ ಬಿಸಿಯೂಟದ ಸಾಂಬಾರು ಪಕ್ಕದ ಕೋಣೆಯಲ್ಲೇ ಕುದಿಯುತ್ತದೆ. ಮೇಷ್ಟ್ರು ಒಂದು ಸಲ ಇವಳನ್ನು ಏನೋ ಕೇಳಿ, ಮಕ್ಕಳೆಲ್ಲ ಹಸಿದು ಕೂರುವಂತಾಯಿತು. ಆಮೇಲೆ ಅವರು ಇವಳನ್ನು ಬಿಟ್ಟು ಮುಂದಿನ ಬೆಂಚಿಗೆ ಹೋಗತೊಡಗಿದರು. ಪ್ರೀತಿಯಿಂದಲೇ ತಲೆ ಸವರಿ ಮುಂದೆ ಹೋಗುತ್ತಿದ್ದರಂತೆ. ಅಂಗಡಿಯವರು ಇವಳ ಕೈಚೀಲ ನೋಡಿ ತಾವೇ ತುಂಬಿಸಿ ಕಳಿಸುತ್ತಾರೆ. ಈ ಊರಿನಲ್ಲಿ ನನ್ನ ಮಗಳನ್ನು ಯಾರೂ ಏನೂ ಕೇಳುವುದಿಲ್ಲ.

ಹೀಗಿರುವಾಗ ‘ಸಂಜೆ ಪ್ರಶ್ನೆ’ ಮತ್ತೆ ಶುರುವಾಗುತ್ತದೆ ಎಂದು ಟಿವಿಯಲ್ಲಿ ಹೇಳಿದರು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ನಡೆಯುತ್ತಿತ್ತು. ದಿನವೆಲ್ಲ ಪ್ರಶ್ನೆ ನುಂಗಿಕೊಂಡು ಬದುಕುವ ಜನಕ್ಕೆ, ಒಬ್ಬ ಮನುಷ್ಯ ಕೋಟು ಹಾಕಿಕೊಂಡು ಕೂತು ಧೈರ್ಯವಾಗಿ ಪ್ರಶ್ನೆ ಕೇಳುವುದನ್ನು ನೋಡುವುದೇ ಒಂದು ಹಬ್ಬ. ನೋಡದೆ ಇರಬಹುದಿತ್ತು, ಆದರೆ ಯಾರೂ ಇರುತ್ತಿರಲಿಲ್ಲ. ವಾಮನರಾಯರು ಕೇಳುತ್ತಿದ್ದರು, ಕೂತವರು ಹೇಳುತ್ತಿದ್ದರು, ಪ್ರಶ್ನೆ ಕಿವಿಗೆ ಬಿದ್ದವರ ಮನೆಗಳಲ್ಲೆಲ್ಲ ಹಾಲು ಒಂದು ಗಳಿಗೆ ತಡೆದು ಮತ್ತೆ ಏಳುತ್ತಿತ್ತು. ಆಮೇಲೆ ಒಂದು ಸಂಜೆ, ಅಂಚೆ ಇಲಾಖೆಯ ನಿವೃತ್ತ ಗುಮಾಸ್ತರೊಬ್ಬರು ಉತ್ತರ ನಾಲಿಗೆ ತುದಿಯಲ್ಲಿದೆ ಎಂದು ಕಣ್ಣು ಮುಚ್ಚಿದರು, ಮುಚ್ಚಿಯೇ ಇದ್ದರು. ವಾಮನರಾಯರು ಮರ್ಯಾದಸ್ಥರು, ಯೋಚಿಸುತ್ತಿರುವವರ ಬಾಯಿಂದ ಉತ್ತರ ಕಿತ್ತುಕೊಳ್ಳಲಿಲ್ಲ. ಊರಿಗೆ ಊರೇ ನೆನೆಸಿದ ಅವಲಕ್ಕಿ ತಿಂದು ಮಲಗಿತು. ಮರುದಿನ ಟಿವಿ ಕೇಂದ್ರದ ಗೇಟಿನ ಮುಂದೆ ಜನ ಅವಲಕ್ಕಿ ಚೆಲ್ಲಿ ಬಂದರು. ಕಾರ್ಯಕ್ರಮ ನಿಂತುಹೋಯಿತು.

ಈ ಸಲ ಹಾಗಾಗಬಾರದೆಂದು ಕೇಂದ್ರದವರು ಸಲಹೆ ಕೊಡುವವರು ಬನ್ನಿ ಎಂದು ಸಭೆ ಕರೆದರು. ವೇದಿಕೆಯ ಮೇಲೆ ಮೇಜು, ಮೈಕು, ಪಕ್ಕದಲ್ಲಿ ಒಂದು ಗ್ಯಾಸ್ ಒಲೆ, ಅದರ ಮೇಲೆ ಹಾಲಿನ ಪಾತ್ರೆ. ಪ್ರತಿ ಸಲಹೆಯನ್ನೂ ಅಲ್ಲೇ ಹಾಲಿಟ್ಟು ನೋಡುವುದೆಂದು ತೀರ್ಮಾನವಾಗಿತ್ತು.

ಇಷ್ಟು ಜನಕ್ಕೆ ಇಷ್ಟು ಯೋಚನೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ಮೊದಲು ಉತ್ತರ ಹೇಳಿ ಆಮೇಲೆ ಪ್ರಶ್ನೆ ಕೇಳಬೇಕೆಂದರು. ಮಾಡಿ ನೋಡಿದರು, ಹಾಲು ಒಪ್ಪಲಿಲ್ಲ. ಪ್ರಶ್ನೆಯ ಹಿಂದೆ ಬಂದ ಉತ್ತರವೇ ಅದಕ್ಕೆ ಬೇಕಿತ್ತು. ಹಳೆಯ ಸಂಗೀತವನ್ನೇ ಇಡಬೇಕೆಂದು ಕೆಲವರು, ರಾಯರ ಕೋಟು ಬದಲಾಗಬೇಕೆಂದು ಕೆಲವರು. ಒಬ್ಬ ಹುಡುಗಿ ಸೋತವರಿಗೂ ಒಂದು ಕುಕ್ಕರ್ ಕೊಡಿ ಎಂದಳು. "ಕುಕ್ಕರ್ ಕೊಟ್ರೆ ಅದೂ ಕೂಗಲ್ಲವಲ್ಲಮ್ಮ" ಎಂದು ಹಿಂದಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು. ಇನ್ನೊಬ್ಬರು ನಾಲ್ಕು ಚಿತ್ರ ಇಟ್ಟು ಸರಿಯಾದದ್ದನ್ನು ಬೆರಳಿನಿಂದ ತೋರಿಸಲಿ ಎಂದಾಗ, ಇದು ಮೈಥಿಲಿಗೂ ಆದೀತೆಂದು ನನಗೆ ಆಸೆಯಾಯಿತು. ಅದನ್ನೂ ಮಾಡಿ ನೋಡಿದರು. ಆತ ಬಾಳೆಹಣ್ಣಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ನಿಂತರೂ ಹಾಲು ಕದಲಲಿಲ್ಲ. ಸ್ಲೇಟಿನ ಮೇಲೆ ಬರೆದರೂ ಇಲ್ಲ. ಕೊನೆಗೆ ಸೋತು "ಬಾಳೆಹಣ್ಣು" ಎಂದು ಬಾಯಲ್ಲಿ ಹೇಳಿದ ಮೇಲೆ ಉಕ್ಕಿತು.

ಬಹಳ ಮಂದಿಗೆ ಗಡಿಯಾರ ಬೇಕಿತ್ತು. ಮುಳ್ಳು ತಿರುಗಿ ಬರುವುದರೊಳಗೆ ಹೇಳಬೇಕು, ಇಲ್ಲವಾದರೆ ರಾಯರೇ ಉತ್ತರ ಹೇಳಿ ಮುಗಿಸಬೇಕು. ಚಪ್ಪಾಳೆ ಬಿತ್ತು. ಆಗ ನಾನು ಎದ್ದೆ. ಅಷ್ಟು ಜನರ ಮುಂದೆ ಮಾತಾಡಿದವಳಲ್ಲ. "ಗಡಿಯಾರ ಬೇಡ. ಗೊತ್ತಿದ್ದೂ ಹೇಳೋಕೆ ಹೊತ್ತು ಬೇಕಾದವರು ಇರ್ತಾರೆ" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ.

"ಹೊತ್ತು ಬೇಕಾದವ್ರು ಮನೇಲಿರ್ಲಿ ವತ್ಸಲಾ." ಎದುರುಮನೆಯ ದಾಕ್ಷಾಯಣಕ್ಕ. ಬೀದಿಗೆಲ್ಲ ದಾಕ್ಷಕ್ಕ. ಕಂಕುಳಲ್ಲಿ ಮಗಳ ಮಗು. "ಹಾಲಿನ ವ್ಯಾನು ಬರೋದೇ ಆ ಹೊತ್ತಿಗೆ. ಹಸಿ ಹಾಲು ಈ ಕೂಸಿಗೆ ಕುಡಿಸೋಕಾಗಲ್ಲ. ಒಬ್ಬರ ನಾಲಿಗೆ ಮೇಲೆ ಊರಿನ ಅನ್ನ ಇಡಬಾರ್ದು."

ಅವಳು ಮೈಥಿಲಿಯ ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ದಾಕ್ಷಕ್ಕನೇ ಒಂದು ಸಲಹೆಯನ್ನೂ ಕೊಟ್ಟಳು. ಬೀದಿಗೊಂದು ದೀಪ ರಾಯರ ಹಿಂದಿನ ಗೋಡೆಯಲ್ಲಿ ಇರಲಿ. ಬೀದಿಗೊಂದು ಮನೆಯಲ್ಲಿ ಫೋನು ಇರಲಿ. ಕಾದು ಸಾಕಾದ ಬೀದಿ ಫೋನು ಮಾಡಿ ‘ಸಾಕು’ ಎನ್ನಲಿ, ಅವರ ದೀಪ ಹತ್ತಲಿ. ಅರ್ಧ ಊರು ಸಾಕು ಎಂದಾಗ ರಾಯರು ಉತ್ತರ ಹೇಳಿ ಮುಗಿಸಲಿ. "ಗಡಿಯಾರಕ್ಕೆ ಹೊಟ್ಟೆ ಇಲ್ಲ. ಹೊಟ್ಟೆ ಇದ್ದೋರೇ ಹೇಳ್ಲಿ" ಎಂದಳು. ವೇದಿಕೆಯ ಮೇಲಿದ್ದವರು ತಲೆ ಕೂಡಿಸಿ, ನನ್ನದನ್ನೂ ಅವಳದನ್ನೂ ಒಟ್ಟಿಗೆ ಒಪ್ಪಿದರು. ಗಡಿಯಾರ ಇಲ್ಲ, ದೀಪಗಳು ಮಾತ್ರ. ನನ್ನ ಸಲಹೆ ಗೆದ್ದಿತೆಂದು ಯಾರೋ ಬೆನ್ನು ತಟ್ಟಿದರು. ಗಡಿಯಾರವಾಗಿದ್ದರೆ ಅದಕ್ಕೆ ಕೂತವರು ಯಾರೆಂದು ನೋಡುವ ಕಣ್ಣಿರುತ್ತಿರಲಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದಾಗ ಮೈಥಿಲಿ ಪಕ್ಕದಲ್ಲಿ ಬಂದು ನಿಂತಳು. ಶಾಲೆಯ ಮಕ್ಕಳ ವಾರಕ್ಕೆ ತಾನೂ ಹೆಸರು ಕೊಟ್ಟಿದ್ದೇನೆ ಎಂದು ಹೇಳಿದಳು. ಬಹಳ ಹೊತ್ತು ಹಿಡಿಯಿತು. ನನ್ನ ಕೈಯಲ್ಲಿದ್ದ ಲೋಟದ ಸೋಪು ಒಣಗಿತು.

"ಬೇರೆ ಏನಾದ್ರೂ ಆಡಬಹುದಲ್ಲ ಪುಟ್ಟಿ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಅಲ್ಲಿ ನನ್ನನ್ನ ಕ... ಕ... ಕೇಳ್ತಾರೆ" ಎಂದಳು.

ನಾನು ಲೋಟವನ್ನು ಮತ್ತೆ ತೊಳೆದೆ. ಚೀಟಿ ಎತ್ತುವಾಗ ಅವಳ ಹೆಸರು ಬಾರದಿರಲಿ ಎಂದು ಬೇಡಿಕೊಂಡೆ. ಬಂತು.

ಆ ವಾರ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹಾಲಿನ ವ್ಯಾನಿನ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ಬದಲಿಸುತ್ತಿದ್ದರು. ಸೋಮವಾರ ಕೂತ ಹುಡುಗ ಥಟ್ಟನೆ ಹೇಳಿದ, ಮಂಗಳವಾರದವಳು ಸ್ವಲ್ಪ ತಡೆದಳು, ಅಷ್ಟಕ್ಕೇ ಸಂತೆಬೀದಿಯ ದೀಪ ಹತ್ತಿತು. ಹಳದಿ ಬಣ್ಣದ ಸಣ್ಣ ದೀಪ, ಕೆಳಗೆ ಬೀದಿಯ ಹೆಸರು. ಆ ಮಗು ಹಿಂದೆ ತಿರುಗಿ ಅದನ್ನು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿತು. ಮೈಥಿಲಿಯದು ಗುರುವಾರ. ರಾತ್ರಿ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ನಾನು ಹೇಳಿಕೊಟ್ಟೆ: ಕಷ್ಟದ ಅಕ್ಷರ ಬಂದರೆ ದಾರಿ ಬದಲಿಸು, ಇನ್ನೊಂದು ಪದ ಹುಡುಕು, ಯಾವುದಾದರೂ ನಡೆಯುತ್ತದೆ.

ಕೂರುವ ಮಕ್ಕಳ ತಾಯಂದಿರನ್ನು ಕೇಂದ್ರದ ಒಳಗೆ ಬಿಡುವುದಿಲ್ಲ. ಹಿಂದೆ ತಾಯಂದಿರ ತುಟಿ ತಾನಾಗಿ ಅಲ್ಲಾಡುತ್ತಿತ್ತಂತೆ. ಹಾಗಾಗಿ ಗುರುವಾರ ಅವಳ ಅಪ್ಪ ಡಿಪೊದಲ್ಲಿ ರಜೆ ಹಾಕಿ ಕರೆದುಕೊಂಡು ಹೋದರು. ನಮ್ಮ ಬೀದಿಯ ಫೋನು ದಾಕ್ಷಕ್ಕನ ಮನೆಯಲ್ಲಿ. ಬೀದಿಯವರು ಟಿವಿ ನೋಡುವುದೂ ಅಲ್ಲೇ. ನಾನು ಮನೆಯಲ್ಲಿ ಹಾಲನ್ನು ಸಣ್ಣ ಉರಿಯಲ್ಲಿಟ್ಟು ಹೋದೆ. ಇಡದೆ ಹೋದರೆ ನಾನೇ ಅವಳನ್ನು ನಂಬಲಿಲ್ಲವೆಂದಾಗುತ್ತಿತ್ತು.

ದಾಕ್ಷಕ್ಕನ ನಡುಮನೆಯ ಮೂಲೆಯಲ್ಲಿ ಮದುವೆಮನೆಯ ದೊಡ್ಡ ಬೋಗುಣಿ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆ ಸ್ವಲ್ಪ ಸರಿದಲ್ಲಿ ಬಿಳಿ ಕಂಡಿತು. ಅವಲಕ್ಕಿ. ನೆನೆಸಿಟ್ಟಿದ್ದಳು, ಬೀದಿಗೆಲ್ಲ ಆಗುವಷ್ಟು. ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ನನ್ನ ಮಗಳು ಸೋಲುತ್ತಾಳೆಂದು ಇವರೆಲ್ಲ ಮಧ್ಯಾಹ್ನವೇ ಗೊತ್ತುಮಾಡಿಕೊಂಡು ಬೋಗುಣಿ ಇಳಿಸಿದ್ದಾರೆ. ಮುಖ ಕಿವಿಯವರೆಗೆ ಉರಿಯಿತು. ಫೋನಿನ ಸ್ಟೂಲಿನ ಪಕ್ಕ ಗೋಡೆಗೆ ಒರಗಿ ಕೂತೆ.

ಈಗ ಎದ್ದು ಒಲೆ ಆರಿಸಿ ಬಂದಿದ್ದೇನೆ.

ಮೈಥಿಲಿ ತನ್ನ ನೀಲಿ ಲಂಗ ಹಾಕಿಕೊಂಡು, ಕಾಲು ನೆಲಕ್ಕೆ ತಾಗದ ಕುರ್ಚಿಯಲ್ಲಿ ಕೂತಿದ್ದಳು. ವಾಮನರಾಯರಿಗೆ ವಯಸ್ಸಾಗಿದೆ, ಕೋಟು ಹೊಸದು. ಅವರು ಅವಳ ಕಡೆ ಸ್ವಲ್ಪ ಬಾಗಿ ಕೇಳಿದರು: "ತಾನು ಗೂಡು ಕಟ್ಟದೆ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿ ಯಾವುದು?"

ನಡುಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಗೊತ್ತಿಲ್ಲದ ಉತ್ತರಕ್ಕೆ ಕಾಯಬಹುದು, ಗೊತ್ತಿರುವುದಕ್ಕೆ ಕಾಯುವುದು ಕಷ್ಟ. ಮತ್ತು ಅದರ ಮೊದಲ ಅಕ್ಷರ ಅದೇ ಆಗಿತ್ತು.

ಅವಳು ಬಾಯಿ ತೆರೆದಳು. ಕತ್ತಿನ ನರ ಎದ್ದಿತು. ಒಂದು ಸಣ್ಣ ಸದ್ದು ಬಂದು ನಿಂತಿತು. ಅಡುಗೆಮನೆಯಲ್ಲಿ ದಾಕ್ಷಕ್ಕನ ಕುಕ್ಕರ್ ಶಿಳ್ಳೆ ಹಾಕಲು ಹೊರಟದ್ದು ಅರ್ಧಕ್ಕೆ ಉಸಿರು ನುಂಗಿತು.

‘ಪಿಕ’ ಅನ್ನು, ಎಂದೆ ಮನಸ್ಸಿನಲ್ಲಿ. ಆರನೇ ತರಗತಿಯ ಪದ್ಯದಲ್ಲಿತ್ತು, ಅವಳೇ ಅರ್ಥ ಹೇಳಿದ್ದಳು. ಪ ಅವಳಿಗೆ ಸಲೀಸು. ಪಿಕ ಅನ್ನು ಪುಟ್ಟಿ. ನನ್ನ ತುಟಿ ಅಲ್ಲಾಡುತ್ತಿತ್ತು. ತಾಯಂದಿರನ್ನು ಒಳಗೆ ಬಿಡದಿರುವುದು ಸರಿಯೇ.

ಅವಳಿಗೆ ಆ ಪದ ನೆನಪಾಯಿತೆಂದು ನನಗೆ ಕಂಡಿತು. ದಾರಿ ಬದಲಿಸುವ ಮೊದಲು ಅವಳು ಕಣ್ಣನ್ನು ಎಡಕ್ಕೆ ಹೊರಳಿಸುತ್ತಾಳೆ. ಹೊರಳಿಸಿದಳು. ಮತ್ತೆ ಕಣ್ಣು ತಂದು ರಾಯರ ಮುಖದ ಮೇಲೆ ಇಟ್ಟಳು. ಬಾಯಿ ಮತ್ತೆ ಅದೇ ಅಕ್ಷರಕ್ಕೆ ಹೋಯಿತು. ಅವಳು ದಾರಿ ಬದಲಿಸುವುದಿಲ್ಲ ಎಂದು ನನಗೆ ಅರ್ಥವಾಯಿತು.

ಮೊದಲು ಸಂತೆಬೀದಿ ಹತ್ತಿತು. ಆಮೇಲೆ ಗಾಣಿಗರ ಬೀದಿ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೋಟೆ ಹಿಂಭಾಗ, ಬಸ್ ನಿಲ್ದಾಣ, ಹೊಸ ಬಡಾವಣೆಯ ಎರಡೂ ರಸ್ತೆಗಳು, ಒಂದರ ಹಿಂದೆ ಒಂದು. ಹಳದಿ ಬೆಳಕು ಅವಳ ಕೂದಲ ಮೇಲೆ ಬೀಳುತ್ತಿತ್ತು. ಅವಳು ಹಿಂದೆ ತಿರುಗಲಿಲ್ಲ. ನಡುಮನೆಯಲ್ಲಿ ಯಾರದೋ ಹೊಟ್ಟೆ ಗುರುಗುಟ್ಟಿತು. ದಾಕ್ಷಕ್ಕನ ಮೊಮ್ಮಗು ರಾಗ ಎಳೆಯಲು ಶುರುಮಾಡಿತು.

"ಇನ್ನೊಂದು ಹತ್ತಿದ್ರೆ ಅರ್ಧ ಆಗತ್ತೆ" ಎಂದು ಮೂಲೆಮನೆಯ ರಾಜಪ್ಪ ತಗ್ಗಿದ ಧ್ವನಿಯಲ್ಲಿ ಹೇಳಿದ.

ಎಲ್ಲರೂ ಫೋನಿನ ಕಡೆ ನೋಡಿದರು, ಆಮೇಲೆ ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದರು. ನನಗೆ ಆಗ ತೋರಿದ್ದು ಇಷ್ಟೇ: ಯಾವುದೋ ಬೀದಿಯ ಯಾರೋ ಅವಳನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ನಾನೇ ನಿಲ್ಲಿಸಿದರೆ, ಆ ನರ ಇಳಿಯುತ್ತದೆ, ಆ ಕಣ್ಣು ತೆರೆಯುತ್ತದೆ, ಅವಳು ಮನೆಗೆ ಬರುತ್ತಾಳೆ. ಕೈ ಚಾಚಿದೆ. ರಿಸೀವರ್ ಎತ್ತಿದೆ.

ಮಣಿಕಟ್ಟಿನ ಮೇಲೆ ಇನ್ನೊಂದು ಕೈ ಬಿತ್ತು. ಬಳೆಗಳು ಚುಚ್ಚಿದವು.

"ಇಡು ಅದನ್ನ" ಎಂದಳು ದಾಕ್ಷಕ್ಕ.

"ಅಕ್ಕ, ನನ್ ಕೈಲಿ ನೋಡೋಕಾಗ್ತಿಲ್ಲ. ಎಲ್ರೂ ಹಸಿದು ಕೂತಿದೀರ. ಕೂಸು ಅಳ್ತಿದೆ."

"ಕೂಸಿಗೆ ಬಾಳೆಹಣ್ಣು ಕಿವುಚಿ ಕೊಟ್ಟಾಗಿದೆ. ಅದು ಅಳೋದು ಅದರ ಅಭ್ಯಾಸ. ಎಲ್ರಿಗೂ ಅವಲಕ್ಕಿ ನೆನೆಸಿದೀನಿ, ಅಷ್ಟು ದೊಡ್ಡ ಬೋಗುಣಿ ನಿನ್ ಕಣ್ಣಿಗೆ ಬೀಳಲಿಲ್ಲ ಅಂತ ಕಾಣತ್ತೆ." ಅವಳು ನನ್ನ ಕೈಯಿಂದ ರಿಸೀವರ್ ಬಿಡಿಸಿ ಇಟ್ಟು, ಸ್ಟೂಲಿನ ಮೇಲೆ ತಾನೇ ಕೂತಳು. ಫೋನು ಅವಳ ಸೀರೆಯ ಹಿಂದೆ ಮರೆಯಾಯಿತು. "ಈ ದೀಪ ನಾನು ಹೇಳಿ ಹಾಕಿಸಿದ್ದು. ಹೊಟ್ಟೆ ಇದ್ದೋರು ಹೇಳ್ಲಿ ಅಂದಿದ್ದೆ. ನಮ್ ಬೀದಿ ಹೊಟ್ಟೆಗೆ ನಾನು ದಾರಿ ಮಾಡಿದೀನಿ. ಮೂರೂ ಹೊತ್ತು ಕಾಯೋಳು ನೀನು, ಈಗ ನೀನೇ ಸಾಕು ಅಂದ್ರೆ ಆ ಮಗೂಗೆ ಯಾರೂ ಉಳಿಯಲ್ಲ."

ರಾಜಪ್ಪನ ಹೆಂಡತಿ ಎದ್ದು ಸದ್ದಿಲ್ಲದೆ ತಟ್ಟೆ ಹಂಚತೊಡಗಿದಳು. ಜನ ಟಿವಿಯಿಂದ ಕಣ್ಣು ಕೀಳದೆ ಅವಲಕ್ಕಿ ಬಾಯಿಗೆ ಹಾಕಿಕೊಂಡರು. ನನ್ನ ಮಡಿಲಿಗೂ ಒಂದು ತಟ್ಟೆ ಬಂತು. ನಾನು ಅದನ್ನು ಹಿಡಿದುಕೊಂಡು ಕೂತೆ.

ಟಿವಿಯಲ್ಲಿ ವಾಮನರಾಯರು ಕದಲದೆ ಇದ್ದರು. ಅವರ ಮುಖದಲ್ಲಿ ಅವಸರವಿರಲಿಲ್ಲ. ಇನ್ನೊಂದು ದೀಪ ಹತ್ತಲಿಲ್ಲ. ಮೈಥಿಲಿ ಒಮ್ಮೆ ಬಾಯಿ ಮುಚ್ಚಿ, ಎಂಜಲು ನುಂಗಿ, ಕುರ್ಚಿಯ ತುದಿಗೆ ಜರುಗಿ ಎರಡೂ ಪಾದ ನೆಲಕ್ಕೆ ತಾಗಿಸಿದಳು.

"ಕೋ" ಎಂದಳು. ಅದು ಒಡೆದು ಬಂತು. ಅದರ ಹಿಂದೆ ಉಳಿದದ್ದು ಒಂದೇ ಉಸಿರಿಗೆ ಬಂತು. "ಗಿಲೆ."

ರಾಯರು ಏನೋ ಹೇಳಿದರು, ನಮಗೆ ಕೇಳಿಸಲಿಲ್ಲ. ದಾಕ್ಷಕ್ಕನ ಕುಕ್ಕರ್ ಇಷ್ಟು ಹೊತ್ತು ತಡೆದದ್ದನ್ನೆಲ್ಲ ಸೇರಿಸಿ ಕೂಗಿತು. ಪಕ್ಕದ ಮನೆಯದು, ಅದರ ಪಕ್ಕದ್ದು, ಬೀದಿಯುದ್ದಕ್ಕೂ ಕೂಗು. ಎಲ್ಲ ಮನೆಗಳ ಹಾಲು ಒಂದೇ ಸಲ ಉಕ್ಕಿತು. ಒಲೆಯ ಮುಂದೆ ಯಾರೂ ಇರಲಿಲ್ಲ. ಹೆಂಗಸರು ತಟ್ಟೆ ಬಿಟ್ಟು ಓಡಿದರು. ನಾನು ಓಡಿದಾಗ ನನ್ನ ಮನೆಯ ಅಡುಗೆಕಟ್ಟೆಯಿಂದ ಹಾಲು ನೆಲಕ್ಕೆ ಇಳಿದು ಹೊಸಿಲಿನ ಕಡೆ ಹರಿಯುತ್ತಿತ್ತು. ಸೀದ ವಾಸನೆ ಬೀದಿ ತುಂಬ ತುಂಬಿಕೊಂಡಿತು. ಒಲೆ ಉಜ್ಜುತ್ತಾ ಕೂತು ಅತ್ತುಬಿಟ್ಟೆ. ಉಜ್ಜಿದ ಜಾಗವನ್ನೇ ಮತ್ತೆ ಮತ್ತೆ ಉಜ್ಜಿದೆ.

ಅಪ್ಪ ಮಗಳು ಬಂದಾಗ ಹೊರಗೆ ಬಂದೆ. ಬೀದಿಯ ಜನ ಬಾಗಿಲಲ್ಲಿ ನಿಂತಿದ್ದರು. ಮೈಥಿಲಿಯ ಮುಖ ಬೆವರಿ ಕೂದಲು ಹಣೆಗೆ ಅಂಟಿತ್ತು. ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ರಿಸೀವರ್ ಎತ್ತಿದ್ದು ಅವಳಿಗೆ ಗೊತ್ತಿಲ್ಲ. ಹೇಳಬೇಕು, ಬೆಳಗ್ಗೆ ತಿಂಡಿಯಾದ ಮೇಲೆ, ಜಗಲಿಯಲ್ಲಿ.

ದಾಕ್ಷಕ್ಕ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದು ಬಂದಳು. ತಳದಲ್ಲಿ ಒಬ್ಬರಿಗಾಗುವಷ್ಟು ಉಳಿದಿತ್ತು. ಅವಳ ಹಿಂದೆ ಅಡುಗೆಮನೆಯಲ್ಲಿ ಒಲೆ ಹೊತ್ತಿತ್ತು. ಕೂಸಿಗೆ ಹೊಸದಾಗಿ ಹಾಲಿಟ್ಟಿದ್ದಳು, ಅದು ಸುಂಯ್‌ಗುಡುವುದು ಬೀದಿಗೆ ಕೇಳಿಸುತ್ತಿತ್ತು. ಅವಳು ಮೈಥಿಲಿಯ ಮುಂದೆ ನಿಂತಳು.

"ಏನೇ ಮೈಥಿಲಿ, ಅವಲಕ್ಕಿಗೆ ಮೊಸರು ಹಾಕ್ಲಾ, ಬೆಲ್ಲ ಹಾಕ್ಲಾ?"

ಒಳಗೆ ಹಾಲಿನ ಸದ್ದು ನಿಂತಿತು. ರಾಜಪ್ಪನ ಮನೆಯಲ್ಲೂ ಏನೋ ಕುದಿಯುತ್ತಿದ್ದದ್ದು ನಿಂತಿತು. ಮೈಥಿಲಿ ಬೋಗುಣಿಯನ್ನು ನೋಡಿದಳು, ದಾಕ್ಷಕ್ಕನನ್ನು ನೋಡಿದಳು. ಅವಸರವಿಲ್ಲದೆ ಯೋಚಿಸಿದಳು. ಆಮೇಲೆ ಬಾಯಿ ತೆರೆದು ಮೊದಲ ಅಕ್ಷರವನ್ನು ಹಿಡಿದುಕೊಂಡಳು.

ಯಾರೂ ಒಳಗೆ ಹೋಗಲಿಲ್ಲ.